ಅವಳ ಪರವಾಗಿ ಹಾಕಿದ ಸಹಿ

ಮನೆಯಲ್ಲಿ ಕೂತಿರಲು ಆಗುವುದಿಲ್ಲ. ಹೆಂಡತಿ ಕಮಲಾಕ್ಷಿ ತೀರಿಹೋಗಿ ನಾಲ್ಕು ತಿಂಗಳಾಯಿತು. ಬೆಳಿಗ್ಗೆ ಸ್ನಾನ ಮುಗಿಸಿ, ಒಂದು ಲೋಟ ಕಾಫಿ ಕುಡಿದು ಪೇಪರು ಬಿಡಿಸುವಷ್ಟರಲ್ಲಿ ಕಾಲು ತಾನಾಗಿ ಹೊಸನಗರದ ಬಸ್ ನಿಲ್ದಾಣದ ಕಡೆ ಹೊರಡುತ್ತದೆ. ಅಲ್ಲಿ ಯಾವುದು ನಿಂತಿರುತ್ತದೋ ಅದನ್ನು ಹತ್ತುತ್ತೇನೆ. ಒಂದು ದಿನ ಸಾಗರ, ಇನ್ನೊಂದು ದಿನ ತೀರ್ಥಹಳ್ಳಿ. ಇಳಿದು ಏನೂ ಮಾಡುವುದಿಲ್ಲ. ಅದೇ ಬಸ್ಸು ತಿರುಗುವವರೆಗೆ ಅಲ್ಲೇ ನಿಂತಿದ್ದು, ಅದರಲ್ಲೇ ವಾಪಸಾಗುತ್ತೇನೆ.

ಹೋದ ವಾರ ಕೋಣಂದೂರಿನ ಈಚೆಯ ತಿರುವಿನಲ್ಲಿ ಬಸ್ಸು ನಿಂತಿತು. ಹತ್ತುವವರು ಯಾರೂ ಇರಲಿಲ್ಲ. ಕೆಳಗೆ ನಿಂತಿದ್ದ ಹೆಂಗಸೊಬ್ಬಳು ಕಂಡಕ್ಟರನ ಕೈಗೆ ಒಂದು ಚೀಟಿ ಕೊಟ್ಟಳು.

"ತೀರ್ಥಹಳ್ಳೀಲಿ ಕೊರಿಯರ್ ಆಫೀಸಿಗೆ ನಂದೊಂದು ಕವರ್ ಬಂದಿದ್ಯಂತೆ. ಬರ್ತಾ ತಗಂಡ್ ಬಾ ಮಾರಾಯ. ಸೈನ್ ಕೇಳಿದ್ರೆ ನೀನೇ ಹಾಕ್ಬಿಡು."

"ಹಾಕಿದ್ರಾಯ್ತು ಬಿಡಿ ಅಕ್ಕ," ಎಂದು ಅವನು ಚೀಟಿಯನ್ನು ಜೇಬಿಗೆ ತುರುಕಿ ಸೀಟಿ ಊದಿದ.

ನಾನು ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ ಎಂಬುದು ಬಸ್ಸು ಹೊರಟ ಮೇಲೆ ಗೊತ್ತಾಯಿತು. ಅರವತ್ತರ ದಶಕದಲ್ಲಿ ಇದೇ ದಾರಿಯ ಮೇಲೆ ನಾನೂ ಕಂಡಕ್ಟರನಾಗಿದ್ದೆ. ಹೀಗೇ ಹೇಳಿ ಹೀಗೇ ಸಹಿ ಹಾಕುತ್ತಿದ್ದೆ. ಆ ಸಹಿಗಳಲ್ಲಿ ಒಂದರಿಂದ ನನ್ನ ಹೆಂಡತಿ ಕೆಲಸ ಕಳೆದುಕೊಂಡಳು. ಆ ಒಂದು ವರ್ಷವನ್ನು ಬರೆದಿಡಬೇಕು ಎಂದು ಅವತ್ತಿನಿಂದ ಅನ್ನಿಸುತ್ತಿದೆ. ಅವಳಿದ್ದಾಗ ಬರೆದಿದ್ದರೆ ಓದಿ, ಎಲ್ಲಿ ನನ್ನ ಪರ ವಾಲಿದ್ದೇನೆ ಎಂದು ತೋರಿಸುತ್ತಿದ್ದಳು.

ಲಿಂಗನಮಕ್ಕಿಯ ಹಿನ್ನೀರು ಏರುತ್ತಿದ್ದ ಕಾಲ ಅದು. ಹೋದ ತಿಂಗಳು ಬಸ್ಸು ಓಡಿದ ರಸ್ತೆ ಈ ತಿಂಗಳು ಇರುತ್ತಿರಲಿಲ್ಲ. ಮುಳುಗಡೆಯಾದವರು ಮನೆ ಬಿಚ್ಚಿ, ಬಾಗಿಲು, ತೊಲೆ, ಒರಳುಕಲ್ಲುಗಳನ್ನು ಬಸ್ಸಿನ ತಲೆಯ ಮೇಲೆ ಹೇರಿಕೊಂಡು ಬರುತ್ತಿದ್ದರು. ಹಗ್ಗ ಬಿಗಿದು ಕೆಳಗಿಳಿದರೆ ನನ್ನ ಅಂಗೈ ಉರಿಯುತ್ತಿತ್ತು. ನಮ್ಮ ಬಸ್ಸು ಸಾಗರದಿಂದ ಹೊರಟು ಹೊಸನಗರ, ಕೋಣಂದೂರು ಹಾದು ತೀರ್ಥಹಳ್ಳಿ ಮುಟ್ಟುತ್ತಿತ್ತು. ಡ್ರೈವರು ಇಸ್ಮಾಯಿಲ್ ಸಾಬರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಮಾತು ಜಾಸ್ತಿ. ನಾನು ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು.

ಆಗ ಕಂಡಕ್ಟರ್ ಎಂದರೆ ಬರೀ ಟಿಕೆಟ್ ಹರಿಯುವವನಲ್ಲ. ರಸ್ತೆಯಿಂದ ಎರಡು ಮೂರು ಮೈಲಿ ಒಳಗಿದ್ದವರಿಗೆಲ್ಲ ಪೇಟೆಯ ಕೆಲಸ ಮಾಡಿಕೊಡುವವನು ಅವನೇ. ಯಾರದೋ ಕೆಮ್ಮಿನ ಔಷಧಿ, ಯಾರದೋ ಗೊಬ್ಬರದ ಪರ್ಮಿಟ್ಟು, ಯಾರದೋ ಮಗಳ ಶಾಲೆಯ ಸರ್ಟಿಫಿಕೇಟು. ಅಂಗಡಿಯಲ್ಲಿ, ಸೊಸೈಟಿಯಲ್ಲಿ, ಕಚೇರಿಯಲ್ಲಿ ಪುಸ್ತಕ ಮುಂದಿಟ್ಟರೆ ಅವರ ಹೆಸರು ಬರೆದು, 'ಇವರ ಪರವಾಗಿ' ಎಂದು ಸೇರಿಸಿ, ಕೆಳಗೆ 'ಮಂಜಪ್ಪ, ಕಂಡಕ್ಟರ್' ಎಂದು ಹಾಕುತ್ತಿದ್ದೆ. ಯಾರೂ ತಕರಾರು ಮಾಡುತ್ತಿರಲಿಲ್ಲ. ಎಂಟನೇ ಕ್ಲಾಸು ಓದಿದವನು ನಾನು. ನನ್ನ ಸಹಿ ಮೂರು ತಾಲ್ಲೂಕಿನಲ್ಲಿ ನಡೆಯುತ್ತದೆ ಎಂಬ ಒಂದು ಸಣ್ಣ ಜಂಬ ನನಗಿತ್ತು.

ಕಮಲಾಕ್ಷಿ ನಮ್ಮ ದಾರಿಯಲ್ಲಿದ್ದ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಸೂಲಗಿತ್ತಿ ನರ್ಸು. ಆಸ್ಪತ್ರೆ ಒಂದು ತಾಲ್ಲೂಕು ಬೋರ್ಡಿನದು. ಯಾವ ಬೋರ್ಡು ಎಂದು ಬರೆಯುವುದಿಲ್ಲ. ಆ ಜನರ ಮಕ್ಕಳು ಮೊಮ್ಮಕ್ಕಳು ಈಗಲೂ ಎದುರು ಸಿಕ್ಕಿದರೆ ಮಾತಾಡಿಸುತ್ತಾರೆ. ಎರಡು ಮಂಚ, ಒಂದು ಸ್ಟೌ, ಒಬ್ಬ ಕಾಂಪೌಂಡರ್, ಅವಳು. ತಿಂಗಳಿಗೊಮ್ಮೆ ಡಾಕ್ಟರು. ಚರ್ಮದ ಕಪ್ಪು ಚೀಲ ಹಿಡಿದು ಹಳ್ಳಿಗಳಿಗೆ ಹೋಗಲು ನಮ್ಮ ಬಸ್ಸು ಹತ್ತುತ್ತಿದ್ದಳು. ಕುದಿಸಿ ಒಣಗಿಸಿದ ಬಟ್ಟೆಯ ವಾಸನೆ, ಡೆಟಾಲಿನ ವಾಸನೆ ಅವಳ ಜೊತೆ ಹತ್ತಿ ಅವಳ ಜೊತೆ ಇಳಿಯುತ್ತಿತ್ತು. ಎರಡು ವರ್ಷ ಹೀಗೆ ನೋಡಿದ ಮೇಲೆ ಇಸ್ಮಾಯಿಲ್ ಸಾಬರೇ ಒಂದು ದಿನ ಬಸ್ಸು ನಿಲ್ಲಿಸಿ, "ನರ್ಸಮ್ಮಾ, ಈ ಮಂಜಪ್ಪ ನಿಮ್ಮನ್ನ ಮದ್ವೆ ಆಗ್ಬೇಕು ಅಂತಿದ್ದಾನೆ. ಅವ್ನು ಬಾಯ್ ಬಿಡೋದು ಕಾಯ್ತಾ ಕೂತ್ರೆ ನನ್ಗೆ ರಿಟೇರ್ ಆಗ್ತದೆ," ಎಂದರು. ಬಸ್ಸೆಲ್ಲ ನಕ್ಕಿತು. ಅವಳೂ ನಕ್ಕಳು.

ವೈಶಾಖದಲ್ಲಿ ಮದುವೆಯಾಯಿತು. ಅವಳು ಬೋರ್ಡಿಗೆ ರಜೆಯ ಅರ್ಜಿ ಬರೆದಳು: 'ನನ್ನ ಮದುವೆಯ ಪ್ರಯುಕ್ತ ಐದು ದಿನ.' ಬೋರ್ಡು ಮಂಜೂರು ಮಾಡಿತು. ಆಮೇಲೆ ಯಾರೋ ಹಳೆಯ ಫೈಲು ತೆಗೆದರು. ಅವಳ ನೇಮಕಾತಿ ಆದೇಶದ ಕೊನೆಯಲ್ಲಿ ಒಂದು ಸಾಲಿತ್ತು. ಈ ಹುದ್ದೆಗೆ ಮದುವೆಯಾಗದವರು ಇಲ್ಲವೇ ವಿಧವೆಯರು ಮಾತ್ರ. ಮದುವೆಯಾದರೆ ಕೆಲಸ ಬಿಡತಕ್ಕದ್ದು.

ಅವಳು ಅದನ್ನು ಮೊದಲೇ ಓದಿದ್ದಳು. "ಓದಿ ನಗು ಬಂದಿತ್ತು," ಎಂದಳು. "ಹೆರಿಗೆ ಮಾಡ್ಸೋಕೆ ಮದ್ವೆ ಆಗ್ದಿರೋರೇ ಬೇಕು ಅಂತ ಯಾರಾದ್ರೂ ನಿಜವಾಗ್ಲೂ ಅಂತಾರಾ? ಕಾಂಪೌಂಡರಿಗೆ ಐದು ಮಕ್ಳು. ಅವ್ರ ಆರ್ಡರಲ್ಲಿ ಹಂಗೆಂತದೂ ಇಲ್ಲ."

ಬೋರ್ಡಿನ ಪ್ರೆಸಿಡೆಂಟರೇ ನಮ್ಮ ಬಸ್ಸಿನ ಮಾಲೀಕರೂ ಆಗಿದ್ದರು. ಆಷಾಢದ ಒಂದು ಬೆಳಿಗ್ಗೆ, ಮಳೆ ಹಿಡಿದುಕೊಂಡ ದಿನ, ಬಸ್ಸು ಹೊರಡುವ ಮೊದಲು ನನ್ನನ್ನು ಮನೆಗೆ ಕರೆಸಿದರು. ನಮ್ಮಪ್ಪ ಅವರ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದವನು. ಆ ಮನೆಯ ಅಂಗಳದಲ್ಲಿ ಅವನು ಟವೆಲು ಕೈಯಲ್ಲಿ ಹಿಡಿದು ನಿಂತಿದ್ದನ್ನು ನಾನು ನೋಡಿದ್ದೆ. ನನ್ನನ್ನು ಅವರು ಜಗಲಿಗೆ ಕರೆದರು. ಕುರ್ಚಿ ತೋರಿಸಿದರು.

"ಕೂತ್ಕಳಾ ಮಂಜಪ್ಪ. ಈಗ ನೀನು ಸಂಸಾರಸ್ಥ."

ನಾನು ಕುರ್ಚಿಯ ತುದಿಯಲ್ಲಿ ಕೂತೆ. ಅವರು ಕೆಟ್ಟದಾಗಿ ಏನೂ ಮಾತಾಡಲಿಲ್ಲ. ನಿಯಮ ತಮ್ಮದಲ್ಲ, ಹಿಂದಿನವರದ್ದು ಎಂದರು. ಆದರೆ ಯಾರೋ ಮೇಲಿನವರಿಗೆ ಅರ್ಜಿ ಹಾಕಿದ್ದಾರೆ, ಇನ್ನು ಸುಮ್ಮನಿರುವ ಹಾಗಿಲ್ಲ.

"ವಜಾ ಅಂತ ಬರೆದ್ರೆ ಹೆಣ್ಮಗಳ ಹೆಸ್ರಿಗೆ ಕಪ್ಪು. ಮುಂದೆ ಎಲ್ಲೂ ಕೆಲ್ಸ ಹುಟ್ಟಲ್ಲ. ರಾಜೀನಾಮೆ ಅಂತ ಆದ್ರೆ ಮರ್ಯಾದೆಯಿಂದ ಮುಗೀತದೆ. ನೀನೇ ಒಂದು ಬರ್ದು ಕೊಡು."

"ಅವಳ ಹತ್ರ ಒಂದ್ ಮಾತು ಹೇಳಿ..."

"ಎಂತಕ್ಕೆ? ಹೇಳಿದ್ರೆ ಅಳ್ತಾಳೆ, ನಿಂಗೂ ಕಷ್ಟ. ಊರಿನೋರ ಪರವಾಗೆಲ್ಲ ಸೈನ್ ಹಾಕ್ತಿ, ಕಟ್ಕಂಡೋಳ ಪರವಾಗಿ ಹಾಕೋಕೆ ಎಂತ ಧಾಡಿ?"

ಅವರು ಹೇಳಿದ್ದರಲ್ಲಿ ನನಗೆ ತಪ್ಪು ಕಾಣಲಿಲ್ಲ. ಹೆದರಿಕೆಯೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಹೆದರಿಕೆಗಿಂತ ಹೆಚ್ಚಾಗಿ ಆ ಕುರ್ಚಿ ಇತ್ತು, ಕೈಗೆ ಕೊಟ್ಟ ಇಂಕ್ ಪೆನ್ನು ಇತ್ತು. 'ನನ್ನ ಹೆಂಡತಿಯಾದ ಕಮಲಾಕ್ಷಿಯು ಮದುವೆಯಾದ ಕಾರಣ ತನ್ನ ಕೆಲಸಕ್ಕೆ ರಾಜೀನಾಮೆ ಕೊಡುತ್ತಾಳೆ' ಎಂದು ಅವರು ಹೇಳಿದಂತೆ ಬರೆದೆ. ಕೆಳಗೆ 'ಅವಳ ಪರವಾಗಿ' ಎಂದು ಸಹಿ ಹಾಕಿದೆ. ಕಂಡಕ್ಟರ್ ಎಂದೂ ಬರೆದುಬಿಟ್ಟೆ, ರೂಢಿಯಂತೆ.

ಅವಳಿಗೆ ಹೇಳಲಿಲ್ಲ. ಇವತ್ತು ಹೇಳಬೇಕು, ನಾಳೆ ಹೇಳಬೇಕು ಎಂದುಕೊಂಡು ಒಂಬತ್ತು ದಿನ ಕಳೆದೆ. ಆ ಒಂಬತ್ತು ದಿನವೂ ಮಳೆ. ಅಗ್ಗಿಷ್ಟಿಕೆಯಲ್ಲಿ ತೆಂಗಿನ ಗೆರಟೆಯ ಕೆಂಡ ಮಾಡಿ ಅವಳು ನನ್ನ ಖಾಕಿ ಅಂಗಿಯನ್ನು ಒಣಗಿಸುತ್ತಿದ್ದಳು. ನಾನು ಊಟ ಮಾಡಿ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದೆ.

ಹತ್ತನೆಯ ದಿನ ಮಧ್ಯಾಹ್ನ ಅವಳು ಆಸ್ಪತ್ರೆಯ ಮುಂದೆ ಕೊಡೆ ಹಿಡಿದು ನಿಂತಿದ್ದಳು. ಕೈಯಲ್ಲಿ ಚೀಲ ಇರಲಿಲ್ಲ. ಬಸ್ಸು ಹತ್ತಿ ಮುಂದಿನ ಸೀಟಿನಲ್ಲಿ ಕೂತು, ನನ್ನ ಕಡೆ ಕೈ ಚಾಚಿದಳು.

"ಒಂದು ತೀರ್ಥಹಳ್ಳಿ."

"ನಿಂಗೆಂತಕ್ಕೆ ಟಿಕೇಟು?"

"ಬರೀರಿ."

ಬರೆದುಕೊಟ್ಟೆ. ಆಗೆಲ್ಲ ಟಿಕೆಟಿನ ಮೇಲೆ ಊರಿನ ಹೆಸರನ್ನು ಪೆನ್ಸಿಲಿನಲ್ಲಿ ಬರೆಯಬೇಕಿತ್ತು. ಅವಳು ಸೆರಗಿನೊಳಗಿನಿಂದ ಒಂದು ಕಾಗದ ತೆಗೆದಳು. 'ನಿಮ್ಮ ರಾಜೀನಾಮೆಯನ್ನು ಅಂಗೀಕರಿಸಲಾಗಿದೆ' ಎಂಬ ಬೋರ್ಡಿನ ಆದೇಶ, ಅದರ ಜೊತೆ ನನ್ನ ಕಾಗದ. ಬೋರ್ಡಿನ ಗುಮಾಸ್ತ ಅವಳ ಗಲಾಟೆ ತಾಳಲಾರದೆ ಕೊಟ್ಟಿದ್ದನಂತೆ. ನನ್ನ ಕಾಗದವನ್ನೂ ಟಿಕೆಟನ್ನೂ ತೊಡೆಯ ಮೇಲೆ ಅಕ್ಕಪಕ್ಕ ಇಟ್ಟು ನೋಡಿದಳು.

"ತೀ ಬರೆಯೋದು ನೀವು ಒಬ್ರೇ ಹಿಂಗೆ," ಎಂದಳು. "ರಾಜೀನಾಮೆಯ ಜೀ ಕೂಡಾ ಹಿಂಗೇ ಇದೆ. ಬೇರೆ ಯಾರಾದ್ರೂ ನಿಮ್ಮ ಹೆಸ್ರಲ್ಲಿ ಬರ್ದಿರ್ಲಿ ಅಂತ ಇಷ್ಟೊತ್ತು ಅಂದ್ಕಂಡಿದ್ದೆ."

ಅಷ್ಟೇ. ಆಮೇಲೆ ಕಿಟಕಿಯ ಕಡೆ ಮುಖ ಮಾಡಿದಳು. ಇಸ್ಮಾಯಿಲ್ ಸಾಬರು ಕನ್ನಡಿಯಲ್ಲಿ ನನ್ನನ್ನು ನೋಡುತ್ತಲೇ ಇದ್ದರು. ಅವತ್ತು ಒಂದು ತಮಾಷೆಯನ್ನೂ ಮಾಡಲಿಲ್ಲ.

ತೀರ್ಥಹಳ್ಳಿಯಲ್ಲಿ ಅವಳು ವೆಂಕಟೇಶ ವಕೀಲರ ಕೋಣೆಗೆ ಹೋದಳು. ಆ ವಕೀಲರ ಹೆಂಡತಿಯ ಹೆರಿಗೆಯನ್ನು ಅವಳೇ ಮಾಡಿಸಿದ್ದಳು. ವಯಸ್ಸು ಕಡಿಮೆ, ಕಕ್ಷಿಗಾರರು ಇನ್ನೂ ಕಡಿಮೆ. ಮುಂದಿನ ವಾರ ಅವರು ನನ್ನನ್ನೂ ಕರೆಸಿ, ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು.

"ನೋಡಿ ಅಮ್ಮ, ಎರಡು ದಾರಿ ಇದಾವೆ. ಒಂದು ಸಣ್ಣದು. ರಾಜೀನಾಮೆ ನಿಮ್ದಲ್ಲ, ನಿಮಗೆ ತಿಳೀದೆ ಗಂಡ ಬರ್ಕೊಟ್ಟಿದ್ದು, ಅದು ಊರ್ಜಿತ ಅಲ್ಲ ಅನ್ನೋದು. ಮಂಜಪ್ಪ ಬಂದು ಸಾಕ್ಷಿ ಹೇಳಿದ್ರೆ ಮುಗೀತು. ಇನ್ನೊಂದು ದೊಡ್ಡದು. ಆ ನಿಯಮಾನೇ ತಪ್ಪು ಅನ್ನೋದು. ಸರ್ಕಾರಿ ಕೆಲಸದಲ್ಲಿ ಗಂಡು ಹೆಣ್ಣು ಅಂತ ಭೇದ ಮಾಡಬಾರದು ಅಂತ ಸಂವಿಧಾನದಲ್ಲಿದೆ. ಆದ್ರೆ ಮುನ್ಸಿಫ್ ಕೋರ್ಟಲ್ಲಿ ಅದನ್ನ ಎಷ್ಟು ಹಚ್ಕೋತಾರೋ ಹೇಳೋಕಾಗಲ್ಲ."

"ಅದನ್ನ ಓದಿ," ಎಂದಳು ಅವಳು. ವಕೀಲರು ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳಿದರು. ಅವಳು ಎರಡನೆಯ ಸಲ ಓದಿಸಿದಳು.

"ಹಂಗಾದ್ರೆ ದೊಡ್ಡದೇ ಇರ್ಲಿ. ಸಣ್ಣದನ್ನೂ ಬೇಕಾದ್ರೆ ಸೇರ್ಸಿ. ಆದ್ರೆ ಇವ್ರನ್ನ ಸಾಕ್ಷಿಗೆ ಕರೀಬೇಡಿ."

"ಯಾಕಮ್ಮ?"

"ಇವ್ರ ಸೈನ್ ಮೇಲೆ ಹೋದ ಕೆಲ್ಸ ಇವ್ರ ಮಾತಿನ ಮೇಲೆ ವಾಪಸ್ ಬರೋದು ನಂಗೆ ಬೇಡ. ನಾನು ಮದ್ವೆ ಆಗಿದ್ದು ತಪ್ಪಾ ಅನ್ನೋದನ್ನ ಹೇಳ್ಲಿ."

ನಾನು ಪಕ್ಕದಲ್ಲೇ ಕೂತಿದ್ದೆ. ವಕೀಲರು ನನ್ನ ಕಡೆ ನೋಡಿ, ಮೇಜಿನ ಮೇಲಿನ ಕಾಗದಗಳನ್ನು ಸುಮ್ಮನೆ ಜೋಡಿಸಿದರು. ಏಳುವಾಗ ಇನ್ನೊಂದು ಮಾತು ಹೇಳಿದರು: ಕೇಸು ಮುಗಿಯುವವರೆಗೆ ಒಂದೇ ಒಂದು ಹೆರಿಗೆಗೂ ಹೋಗಕೂಡದು. ಹೋದರೆ, ಕೆಲಸ ಬಿಟ್ಟು ಸ್ವಂತ ವೃತ್ತಿ ಹಿಡಿದಿದ್ದಾಳೆ, ರಾಜೀನಾಮೆ ಅವಳ ಇಷ್ಟದ್ದೇ ಎಂದು ಎದುರಿನವರು ತೋರಿಸುತ್ತಾರೆ.

ಆ ಮಾತು ಅವಳಿಗೆ ಎಲ್ಲಕ್ಕಿಂತ ಕಠಿಣವಾಯಿತು. ಶ್ರಾವಣದಲ್ಲಿ ನೋಟೀಸು ಹೋಯಿತು, ನವರಾತ್ರಿಯ ಮೇಲೆ ಸಾಗರದ ಕೋರ್ಟಿನಲ್ಲಿ ದಾವೆ ದಾಖಲಾಯಿತು. ಅಷ್ಟೂ ತಿಂಗಳು ಅವಳು ಒಂದು ಕೋಣೆಯ ಬಾಡಿಗೆ ಮನೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಡೆದಳು. ಆಸ್ಪತ್ರೆಗೆ ಬೀಗ ಬಿದ್ದಿತ್ತು. ಹೆಂಗಸರು ನಮ್ಮ ಮನೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಅವಳು ಬಾಗಿಲಲ್ಲೇ ನಿಂತು ಏನು ಮಾಡಬೇಕು, ಏನು ಮಾಡಬಾರದು ಎಂದು ಹೇಳಿ ಕಳಿಸುತ್ತಿದ್ದಳು. ಅವರು ಹೋದ ಮೇಲೆ ಕತ್ತರಿ, ಚಿಮಟಗಳನ್ನು ತೆಗೆದು ಕುದಿಸುತ್ತಿದ್ದಳು. ಒರೆಸಿ ಒಳಗಿಡುತ್ತಿದ್ದಳು. ಮಾರನೆಯ ದಿನ ಮತ್ತೆ ಕುದಿಸುತ್ತಿದ್ದಳು. ನನ್ನ ಜೊತೆ ಬೇಕಾದ ಮಾತಷ್ಟೇ. ಉಪ್ಪು ತನ್ನಿ. ನೀರು ಬಿಸಿಯಾಯ್ತು. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಕಾರ್ತಿಕದ ಒಂದು ಬೆಳಿಗ್ಗೆ, ಮುಳುಗಡೆಯವರು ಹುಲ್ಲಿನ ಜೋಪಡಿ ಹಾಕಿಕೊಂಡಿದ್ದ ಬಯಲಿನ ಹತ್ತಿರ ಒಬ್ಬ ಮುದುಕಿ ರಸ್ತೆಯ ಮಧ್ಯೆ ನಿಂತು ಎರಡೂ ಕೈ ಎತ್ತಿದಳು. ಸಾಬರು ಬ್ರೇಕು ಹಾಕಿದರು.

"ಗಂಗೆಗೆ ನಿನ್ನೆಯಿಂದ ನೋವು. ಕೂಸಿನ ಕಾಲು ಮುಂದೆ ಬಂದದೆ. ನರ್ಸಮ್ಮಂಗೆ ಹೇಳಾ ಮಂಜಪ್ಪ, ನಿನ್ ಕಾಲಿಗೆ ಬೀಳ್ತೀನಿ."

ಗಂಗೆ ಅವಳ ಸೊಸೆ. ನಮ್ಮ ಮನೆ ಅಲ್ಲಿಂದ ಮೂರು ಮೈಲಿ ಮುಂದೆ. ಆ ಮೂರು ಮೈಲಿ ನಾನು ಟಿಕೆಟ್ ಕೊಡಲಿಲ್ಲ. ಹೇಳಿದರೆ ಅವಳು ಹೋಗುತ್ತಾಳೆ, ಕೇಸು ಕೆಡುತ್ತದೆ. ಹೇಳದಿದ್ದರೆ ಅವಳಿಗೆ ಗೊತ್ತಾಗುವುದೇ ಇಲ್ಲ. ಮನೆಯಲ್ಲಿರಲಿಲ್ಲ ಎಂದು ಮುದುಕಿಗೆ ಹೇಳಿದರಾಯಿತು. ಅವಳ ಒಳ್ಳೆಯದಕ್ಕೇ ಅಲ್ಲವೇ ಎಂದುಕೊಂಡೆ. ಹಾಗೆಂದುಕೊಂಡ ಕೂಡಲೇ, ಈ ಮಾತನ್ನು ಆ ಜಗಲಿಯ ಮೇಲೂ ಅಂದುಕೊಂಡಿದ್ದೆ ಎಂದು ನೆನಪಾಯಿತು.

ಬಸ್ಸು ನಿಲ್ಲಿಸಿ ಓಡಿದೆ. ಹೇಳಿದೆ. ವಕೀಲರ ಮಾತನ್ನೂ ಹೇಳಿದೆ.

"ಅದು ನಂಗೆ ನೆನ್ಪಿದೆ," ಎಂದಳು. ಅಷ್ಟರಲ್ಲಿ ಚೀಲ ಕೈಗೆ ಬಂದಿತ್ತು. ಸಾಬರು ಪ್ರಯಾಣಿಕರನ್ನು ಕೂರಿಸಿಕೊಂಡೇ ಬಸ್ಸನ್ನು ಹಿಂದಕ್ಕೆ ತಿರುಗಿಸಿದರು. "ಯಾರಿಗಾದ್ರೂ ಅರ್ಜೆಂಟಿದ್ರೆ ಇಳ್ದು ನಡೀರಿ," ಎಂದರು. ಯಾರೂ ಇಳಿಯಲಿಲ್ಲ.

ಕೂಸು ಬದುಕಿತು. ಗಂಗೆಯೂ ಬದುಕಿದಳು. ಒಂದು ತಿಂಗಳಾಗುವಷ್ಟರಲ್ಲಿ ಆ ಹೆರಿಗೆ ಬೋರ್ಡಿನವರ ಉತ್ತರದಲ್ಲಿ ಕೋರ್ಟಿಗೆ ಬಂತು: ವಾದಿ ಸ್ವಇಚ್ಛೆಯಿಂದ ಕೆಲಸ ಬಿಟ್ಟು ಖಾಸಗಿಯಾಗಿ ಹೆರಿಗೆ ಮಾಡಿಸುತ್ತಿದ್ದಾಳೆ. ವೆಂಕಟೇಶ ವಕೀಲರು ಅದನ್ನು ಓದಿ ತಲೆ ಹಿಡಿದುಕೊಂಡರು. ಅವಳು ಹೋದ ಮೇಲೆ ನನ್ನೊಬ್ಬನನ್ನೇ ಸೇತುವೆಯವರೆಗೆ ಕರೆದುಕೊಂಡು ಹೋದರು.

"ಮಂಜಪ್ಪ, ಇನ್ನು ನೀನು ಬಾಯಿ ಬಿಟ್ಟರೆ ಉಂಟು, ಇಲ್ಲದಿದ್ರೆ ಇಲ್ಲ. ಅವರು ಬೇಡ ಅಂದಿದಾರೆ. ಅವರನ್ನ ಒಪ್ಪಿಸೋದು ನಿನ್ನ ಕೆಲಸ."

ಈ ವಿಷಯ ಪ್ರೆಸಿಡೆಂಟರ ಕಿವಿಗೆ ಹೇಗೆ ಹೋಯಿತೋ ತಿಳಿಯದು. ಬಸ್ಸಿನ ಹತ್ತಿರವೇ ಬಂದು, ನನ್ನ ಹೆಗಲ ಮೇಲೆ ಕೈಯಿಟ್ಟು, "ಕೋರ್ಟಿನ ಕಟಕಟೆ ಹತ್ತಿದ ದಿನ ನನ್ನ ಬಸ್ಸು ಇಳ್ದೆ ಅಂತ ತಿಳ್ಕ," ಎಂದು ಮೆಲ್ಲಗೆ ಹೇಳಿ ಹೋದರು.

ಸಾಬರು ಕೇಳಿಸಿಕೊಂಡಿದ್ದರು. "ಎಂತ ಮಾಡ್ತಿ?"

"ಗೊತ್ತಿಲ್ಲ ಸಾಬ್ರೇ."

"ನಿಂಗೆ ಗೊತ್ತಿಲ್ದೇ ಇರೋದು ಎಂತದೂ ಇಲ್ಲ. ಬಾಯಲ್ಲಿ ಬರ್ತಿಲ್ಲ ಅಷ್ಟೇ. ನಿನ್ ಮದ್ವೆ ಮಾತು ನಾನ್ ಆಡ್ದೆ, ಸರಿ. ಇದನ್ನೂ ನಾನೇ ಹೋಗಿ ಹೇಳೋಕಾಗಲ್ಲ ಮಾರಾಯ."

ಆ ಸಂಜೆ ಅವಳು ಅಕ್ಕಿ ಆರಿಸುತ್ತಿದ್ದಾಗ ಎದುರು ಕೂತು ಕೇಳಿದೆ. "ಸಾಕ್ಷಿ ಹೇಳ್ಲಾ?"

ಅವಳು ಮೊರದಿಂದ ತಲೆ ಎತ್ತಲಿಲ್ಲ. "ನಿಮ್ಮ ಬಾಯಿ, ನಿಮ್ಮ ಇಷ್ಟ. ನಿಮ್ಮ ಪರವಾಗಿ ನಾನು ಹೇಳೋದು ಎಂತ ಇದೆ?"

ನಾನು ಏಳಲಿಲ್ಲ. ಆರಿಸಿದ ಅಕ್ಕಿಯನ್ನು ಪಾತ್ರೆಗೆ ಸುರಿದು ಅವಳೇ, "ಹೇಳೋದಾದ್ರೆ ಇದ್ದಿದ್ದು ಇದ್ದಂಗೆ ಹೇಳಿ. ನಂಗೆ ಅಂತ ಬಣ್ಣ ಹಚ್ಬೇಡಿ. ನಿಮಗೆ ಅಂತಾನೂ ಹಚ್ಕಬೇಡಿ," ಎಂದಳು.

ಸಂಕ್ರಾಂತಿ ಕಳೆದ ವಾರ ಸಾಗರದ ಕೋರ್ಟಿನಲ್ಲಿ ನನ್ನ ಸರದಿ ಬಂತು. ಬಿಸಿಲು ಚುರುಕಾಗಿತ್ತು, ಒಳಗೆ ಹಂಚಿನ ಕಾವು. ಪ್ರೆಸಿಡೆಂಟರು ಮುಂದಿನ ಬೆಂಚಿನಲ್ಲಿ, ಅವಳು ಹಿಂದಿನ ಗೋಡೆಯ ಹತ್ತಿರ. ಕಟಕಟೆಯ ಕಟ್ಟಿಗೆಯನ್ನು ಹಿಡಿದುಕೊಂಡು, ನಾನು ಬರೆದ ಕಾಗದವನ್ನು ನನ್ನದೇ ಎಂದು ಒಪ್ಪಿದೆ. ಅವಳಿಗೆ ಹೇಳಿರಲಿಲ್ಲ ಎಂದೆ. ಒಂಬತ್ತು ದಿನ ಮುಚ್ಚಿಟ್ಟೆ ಎಂದೂ ಹೇಳಿದೆ. ಅದನ್ನು ನನ್ನಿಂದ ಯಾರೂ ಕೇಳಿರಲಿಲ್ಲ.

ಬೋರ್ಡಿನ ವಕೀಲರು ಎದ್ದರು. ದಪ್ಪ ಧ್ವನಿಯ ಮನುಷ್ಯ.

"ನೀನು ಕಂಡಕ್ಟರ್. ದಿನಾ ಹತ್ತಾರು ಜನರ ಪರವಾಗಿ ಸಹಿ ಹಾಕ್ತೀಯ. ಹೌದೋ ಅಲ್ಲವೋ?"

"ಹೌದು ಸ್ವಾಮಿ."

"ಅವರು ಯಾರಾದ್ರೂ ಬಂದು, ಮಂಜಪ್ಪ ಹಾಕಿದ್ದು ನಮ್ಮ ಸಹಿ ಅಲ್ಲ ಅಂತ ಯಾವತ್ತಾದ್ರೂ ಅಂದಿದಾರಾ?"

"ಇಲ್ಲ."

"ಪರರ ಪರವಾಗಿ ಹಾಕಿದ್ದು ನಡೀತದೆ. ಸ್ವಂತ ಹೆಂಡತಿ ಪರವಾಗಿ ಗಂಡ ಹಾಕಿದ್ದು ನಡೆಯಲ್ಲ ಅಂತೀಯಾ?"

ವೆಂಕಟೇಶ ವಕೀಲರು ಈ ಪ್ರಶ್ನೆಗೆ ನನ್ನನ್ನು ತಯಾರು ಮಾಡಿರಲಿಲ್ಲ. ನನಗೆ ತೋಚಿದ್ದು ಒಂದೇ.

"ಅವ್ರು ಹಾಕು ಅಂತ ಹೇಳಿರ್ತಾರೆ ಸ್ವಾಮಿ. ಇವ್ಳು ಹೇಳಿರ್ಲಿಲ್ಲ."

ಮುನ್ಸಿಫರು ಬರೆಯುತ್ತಿದ್ದವರು ತಲೆಯೆತ್ತಿ ನನ್ನನ್ನು ನೋಡಿದರು. "ಇನ್ನೊಂದು ಸಲ ಹೇಳಿ," ಎಂದರು. ಹೇಳಿದೆ. ಬರೆದುಕೊಂಡರು. ಬೋರ್ಡಿನ ವಕೀಲರು ಕೂತರು.

ಹೊರಗೆ ಬಂದಾಗ ಬಸ್ಸಿನ ಚರ್ಮದ ಚೀಲ, ಟಿಕೆಟ್ ಪುಸ್ತಕ, ಸೀಟಿಯನ್ನು ಸಾಬರ ಕೈಗೆ ಕೊಟ್ಟೆ. ಅವರು ಸೀಟಿಯನ್ನು ಮಾತ್ರ ನನ್ನ ಜೇಬಿಗೆ ವಾಪಸು ಹಾಕಿದರು. "ಇದಕ್ಕೆ ನಿನ್ನ ಎಂಜಲು ತಾಗಿದೆ. ಇನ್ಯಾರು ಊದ್ತಾರೆ?" ಎಂದರು. ಅವತ್ತು ನಾನೂ ಕಮಲಾಕ್ಷಿಯೂ ಬೇರೆ ಕಂಪನಿಯ ಬಸ್ಸಿನಲ್ಲಿ ಊರಿಗೆ ಬಂದೆವು. ನನಗೆ ಕೈ ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ. ಪ್ರತಿ ನಿಲ್ದಾಣದಲ್ಲೂ ಏಳಲು ಹೋಗುತ್ತಿದ್ದೆ. ಅವಳು ಒಂದು ಸಲ ನನ್ನ ಅಂಗಿಯ ತುದಿ ಹಿಡಿದು ಎಳೆದು ಕೂರಿಸಿದಳು. ಆರು ತಿಂಗಳಲ್ಲಿ ಮೊದಲ ಸಲ ಅವಳ ಕೈ ನನ್ನ ಕಡೆ ಬಂದದ್ದು ಅದು.

ಯುಗಾದಿಗೆ ಮುಂಚೆ ತೀರ್ಪು ಬಂತು. ರಾಜೀನಾಮೆ ಅವಳದ್ದಲ್ಲ, ಆದ್ದರಿಂದ ಅವಳು ಕೆಲಸದಲ್ಲೇ ಇದ್ದಾಳೆ ಎಂದು ಲೆಕ್ಕ. ಇನ್ನು ಆ ನಿಯಮ ಸರಿಯೋ ತಪ್ಪೋ ಎಂಬುದನ್ನು ಈ ದಾವೆಯಲ್ಲಿ ತೀರ್ಮಾನಿಸುವ ಅಗತ್ಯ ಕಾಣುವುದಿಲ್ಲ. ವೆಂಕಟೇಶ ವಕೀಲರು ಕುಣಿಯುವುದೊಂದು ಬಾಕಿ. ಅವಳು ಕೋರ್ಟಿನ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಗೆದ್ರಲ್ಲಮ್ಮ!"

"ನಾನ್ ಕೇಳಿದ್ದಕ್ಕೆ ಉತ್ತರ ಎಲ್ಲಿ ಕೊಟ್ರು?" ಎಂದಳು. "ನಾನೇ ಸೈನ್ ಹಾಕಿದ್ದಿದ್ರೆ ಮನೆಗೆ ಕಳ್ಸೋದು ಸರಿ ಅಂತಲೇ ಆಯ್ತಲ್ಲ."

ಬೋರ್ಡು ಇನ್ನೊಂದು ಕೇಸಿಗೆ ಹೆದರಿ ಅವಳನ್ನು ಮತ್ತೆ ಮುಟ್ಟಲಿಲ್ಲ. ಆಸ್ಪತ್ರೆಯ ಬೀಗ ತೆಗೆದ ದಿನ ಗಂಗೆ ಕೂಸನ್ನೆತ್ತಿಕೊಂಡು ಬಂದು ನೆಲ ಸಾರಿಸಿಕೊಟ್ಟಳು. ನಾನು ಸೊಸೈಟಿಯ ಗೋದಾಮಿನಲ್ಲಿ ಮೂಟೆ ಎಣಿಸುವ ಕೆಲಸಕ್ಕೆ ಸೇರಿ ಅಲ್ಲೇ ಮುದುಕನಾದೆ. ಆ ನಿಯಮ ಮಾತ್ರ ಎಷ್ಟೋ ವರ್ಷ ಕಾಗದದ ಮೇಲೆ ಹಾಗೇ ಇತ್ತು. ಹೊಸದಾಗಿ ಬಂದ ನರ್ಸುಗಳಲ್ಲಿ ಒಬ್ಬಳು ತಾಳಿಯನ್ನು ಪೆಟ್ಟಿಗೆಯಲ್ಲಿಟ್ಟು ಬರುತ್ತಿದ್ದಳು. ಕಮಲಾಕ್ಷಿ ಅವಳಿಗೆ ಅದನ್ನು ಹಾಕಿಸಿ, ಕೈಹಿಡಿದು ಬೋರ್ಡಿನ ಕಚೇರಿಗೆ ಕರೆದೊಯ್ದು, "ಇವ್ಳಿಗೂ ಮದ್ವೆ ಆಗಿದೆ, ಬರ್ಕಳಿ," ಎಂದು ಬಂದಳು. ಮುಂದೆ ಯಾವಾಗಲೋ ಹೊಸ ಫಾರಂ ಅಚ್ಚಾಗಿ ಬಂದಾಗ ಆ ಸಾಲು ಇರಲಿಲ್ಲ. ತೆಗೆದೆವು ಎಂದು ಯಾರೂ ಹೇಳಲಿಲ್ಲ.

ನನ್ನನ್ನು ಕ್ಷಮಿಸಿದೆ ಎಂದು ಅವಳು ಒಂದು ದಿನವೂ ಅನ್ನಲಿಲ್ಲ. ನಾನೂ ಕೇಳಲಿಲ್ಲ. ಆದರೆ ಅಂದಿನಿಂದ ಅವಳಿಗೆ ಸಂಬಂಧಪಟ್ಟ ಯಾವುದನ್ನೂ ಅವಳನ್ನು ಕೇಳದೆ ಮಾಡಲಿಲ್ಲ. ಅದು ನಮ್ಮಿಬ್ಬರ ನಡುವೆ ಬಾಯಿಬಿಟ್ಟು ಆಡದ ಕರಾರಿನ ಹಾಗೆ ನಡೆದುಬಂತು.

ಈ ಸಲದ ಚಳಿಗಾಲದಲ್ಲಿ ಅವಳನ್ನು ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದೆವು. ಹೊಟ್ಟೆಯಲ್ಲಿ ಗಂಟು. ಚಿಕ್ಕ ವಯಸ್ಸಿನ ಡಾಕ್ಟರು ಒಂದು ಫಾರಂ ತಂದು ನನಗೆ ಕೊಟ್ಟರು. "ಯಜಮಾನ್ರೇ, ಇಲ್ಲಿ ಸೈನ್ ಹಾಕಿ. ನಾಳೆ ಬೆಳಿಗ್ಗೆ ಆಪರೇಷನ್." ಕಮಲಾಕ್ಷಿ ಎರಡು ಮಾರು ದೂರದಲ್ಲಿ ದಿಂಬಿಗೆ ಒರಗಿ ಎಚ್ಚರವಾಗಿದ್ದಳು.

"ಅವಳನ್ನೇ ಕೇಳಿ," ಎಂದೆ.

ಅವಳು ಡಾಕ್ಟರನ್ನು ಹತ್ತಿರ ಕರೆದು, ಎಲ್ಲಿ ಕುಯ್ಯುತ್ತೀರಿ, ಎಷ್ಟು ದಿನ ಮಲಗಬೇಕು, ಎದ್ದು ಓಡಾಡುತ್ತೇನೆಂದು ಭರವಸೆ ಕೊಡುತ್ತೀರಾ ಎಂದೆಲ್ಲ ಕೇಳಿದಳು. ಡಾಕ್ಟರು ಭರವಸೆ ಕೊಡಲಿಲ್ಲ. ಮಾಡಿಸಿದರೆ ಒಂದು ಅವಕಾಶ ಇದೆ ಎಂದರು. ಅವಳು "ಬೇಡ," ಎಂದಳು.

ಡಾಕ್ಟರು ಮತ್ತೆ ನನ್ನ ಕಡೆ ತಿರುಗಿದರು. ನಮ್ಮ ಒಬ್ಬಳೇ ಮಗಳು, ಭದ್ರಾವತಿಯಲ್ಲಿ ಟೀಚರು, ನನ್ನನ್ನು ಹೊರಗೆ ಕರೆದುಕೊಂಡು ಹೋಗಿ ಪೆನ್ನನ್ನು ನನ್ನ ಬೆರಳ ನಡುವೆ ಇಟ್ಟಳು. "ಅಪ್ಪ, ಹಾಕಿ. ಅಮ್ಮ ಹೆದ್ರಿ ಹಂಗಂತಿದ್ದಾಳೆ. ಆಮೇಲೆ ಬೈದ್ರೆ ಬೈಲಿ, ಇರ್ತಾಳಲ್ಲ."

ನಾನು ಹಾಕಲಿಲ್ಲ. ಹದಿನೆಂಟು ದಿನಕ್ಕೆ ಅವಳು ಹೋದಳು. ಮಗಳು ಕಾರ್ಯ ಮುಗಿಸಿ ಹೊರಡುವಾಗ, ನೀವು ಸಹಿ ಹಾಕಿದ್ದರೆ ಅಮ್ಮ ಇರುತ್ತಿದ್ದಳು ಎಂದಳು. ಇದ್ದರೂ ಇರುತ್ತಿದ್ದಳೇನೋ. ಅಮ್ಮನ ಕೇಸಿನ ಕತೆ ಅವಳಿಗೆ ಗೊತ್ತು, ನನ್ನ ಕಾಗದದ ವಿಷಯ ಗೊತ್ತಿಲ್ಲ. ಕಮಲಾಕ್ಷಿ ಕೊನೆಯವರೆಗೂ ಅದನ್ನು ಮಗಳಿಗೆ ಹೇಳಿರಲಿಲ್ಲ. ಇದನ್ನು ಓದಿದರೆ ತಿಳಿಯುತ್ತದೆ.

ಅವತ್ತು ಆ ಫಾರಂ ನನ್ನ ಕೈಯಲ್ಲಿ ಬಹಳ ಹೊತ್ತು ಇತ್ತು. 'ರೋಗಿಯ ಪರವಾಗಿ' ಎಂದು ಕೆಳಗೆ ಅಚ್ಚು ಹಾಕಿಯೇ ಇತ್ತು. ನಾನು ಹೆಸರು ಬರೆದರೆ ಸಾಕಿತ್ತು. ಬರೆಯಬೇಕೆಂದು ನನಗೆ ಎಷ್ಟು ಆಸೆಯಾಗಿತ್ತೆಂಬುದನ್ನು ಒಳಗೆ ಹೋಗಿ ಅವಳಿಗೆ ಹೇಳಲಿಲ್ಲ. ಅವಳ ಪಕ್ಕದಲ್ಲಿ ಕೂತು, ನೀರು ಬೇಕಾ ಎಂದು ಕೇಳಿದೆ. ಬೇಕು ಎಂದಳು.